ಭೋರ್ ಬಸ್ಸಿಗೆ ಕಾದ ಬ್ಯಾಟರಿ

ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಭೋರ್ ಊರಿನ ಬಸ್ಸಿಗೆ ಸರದಿ. ನನ್ನ ಮುಂದೆ ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡಿಕೊಳ್ಳುವ ಹ್ಯಾಮ್ ಕ್ಲಬ್ಬಿನ ಟೋಪಿ ಹಾಕಿದ್ದ ಇಬ್ಬರು ಹಿರಿಯರು, ನಡುವೆ ದೊಡ್ಡದೊಂದು ಬ್ಯಾಟರಿ.

“ಇದನ್ನ ಗುಡ್ಡಕ್ಕ ಒಯ್ಯಲಿಕ್ಕೆ ಮತ್ಯಾರೂ ಬರಲಿಲ್ಲೇನ್ರಿ, ದಿಗಂಬರರಾವ್?”

“ವಾಟ್ಸಾಪಿನ್ಯಾಗ ಎಲ್ಲಾರೂ ಹೆಬ್ಬೆರಳು ಹಾಕ್ಯಾರ್ರಿ, ಸುಲಭಾಬಾಯಿ.”

“ಗುಡ್ಡದ ಮ್ಯಾಲಿನ ರಿಪೀಟರ್ ಯಾವಾಗ ಬಂದ್ ಬಿತ್ತು?”

“ಯಾರಿಗ್ಗೊತ್ತು? ನಮ್ಮ ದನಿ ದೂರ ಮುಟ್ಟಿಸೋದು ಅದೊಂದ. ಬಂದ್ ಬಿದ್ದದ್ದು ಒಬ್ಬರಿಗೂ ತಿಳೀಲಿಲ್ಲ.”

“ರವಿವಾರ ರೇಡಿಯೋದಾಗ ಹಾಜರಿ ಕರೆಯೋದು ನೀವ ಬಿಟ್ಟೀರಿ ಅಂದ್ಕೊಂಡಿದ್ದೆ.”

“ಬಿಟ್ಟಿಲ್ಲ. ಪ್ರತಿ ರವಿವಾರ ಕರದೀನಿ. ನೀವೂ ಓಗೊಡಲಿಲ್ಲ. ಬ್ಯಾಸತ್ತು ಬಿಟ್ರು ಅಂದ್ಕೊಂಡೆ.”

“ನಾನೂ ನಿಮ್ಮನ್ನ ಕರೀತಾನ ಇದ್ದೆ.”

“ಒಂದ್ ಫೋನರ ಮಾಡಬೇಕಿತ್ತಲ್ರಿ?”

“ನೀವೂ ಮಾಡಲಿಲ್ಲಲ್ಲ.”

ಬಸ್ಸು ಬಂತು. ಇಬ್ಬರೂ ಬ್ಯಾಟರಿಯತ್ತ ಬಗ್ಗಿದರು.

“ಆ ಕಡೆ ಹಿಡೀರಿ,” ಅಂದರು ಸುಲಭಾಬಾಯಿ.