ಕಣ್ಣಿಲ್ಲದ ವೈರಿಗಳು

ಒಬ್ಬ ಸಾಹುಕಾರನಿದ್ದ, ಊರು ಯಾವುದಾದರೇನು, ಅಂಥವನಿಲ್ಲದ ಊರಿಲ್ಲ. ಅವನ ಮುತ್ತಜ್ಜ ಯಾವುದೋ ಕೋಟೆಯ ಕಾಳಗದಲ್ಲಿ ಗೆದ್ದವನಂತೆ. ಆ ಕಾಳಗವನ್ನು ಪಡಸಾಲೆಯ ಗೋಡೆಯ ಮೇಲೆ ಬರೆಯಲು ಒಬ್ಬ ಚಿತ್ರಗಾರನನ್ನು ಕರೆಸಿದ.

"ವೈರಿ ಸರದಾರಗ ನನ್ನ ತಮ್ಮನ ಮುಖ ಇಡು" ಎಂದ.

ನೋಡಿ, ತಮ್ಮನಿರುವುದು ಅದೇ ಗೋಡೆಯ ಆಚೆ. ತಾಯಿಯ ಸ್ನಾನದ ಹಂಡೆ ಯಾರಿಗೆ ಎಂಬ ಜಗಳದಲ್ಲಿ ಮಾತು ನಿಂತು, ಇಬ್ಬರ ತಲೆಯೂ ಬೆಳ್ಳಗಾಗಿತ್ತು. ಒಂದು ಹಂಡೆ!

ಚಿತ್ರಗಾರರಲ್ಲಿ ಒಂದು ಪದ್ಧತಿಯಿದೆ. ಮೈ, ಬಟ್ಟೆ, ಆಯುಧ ಎಲ್ಲ ಮುಗಿದ ಮೇಲೆ ಕಡೆಯಲ್ಲಿ ಕಣ್ಣು ತೆರೆಸುತ್ತಾರೆ. ಅಲ್ಲಿಯವರೆಗೆ ಅದು ಬರಿಯ ಬಣ್ಣ. ಮುತ್ತಜ್ಜನಿಗೆ ಕಣ್ಣು ಬಂತು, ಅವನ ಕುದುರೆಗೂ ಬಂತು. ವೈರಿಗಳತ್ತ ಕುಂಚ ಹೋದಾಗ ಸಾಹುಕಾರ ತಡೆದ.

"ಸಾಯೋರಿಗೆ ಕಣ್ಣು ಯಾಕಪಾ?"

"ಅಲ್ರಿ ಧಣಿ, ಕುದುರಿಗೂ ಐತಿ..."

"ಕುದುರಿ ನಮ್ಮದು!"

ಜನ ನೋಡಲು ಬಂದರು. "ಅಯ್ಯ, ಕುರುಡರನ್ನ ಕಡಿಯಾಕತ್ತಾನಲ್ಲ ಈ ಪುಣ್ಯಾತ್ಮ!" ಎಂದಳು ಒಬ್ಬ ಮುದುಕಿ. ಊರೆಲ್ಲ ನಕ್ಕಿತು. ಸಾಹುಕಾರ ಉರಿದುಹೋದ.

"ತೆರೆಸು ಕಣ್ಣು, ಈಗಿಂದೀಗ!"

"ಬದುಕಿದ್ದವರ ಕಣ್ಣು ಅವರನ್ನ ಎದುರಿಗೆ ಕುಂದ್ರಿಸಲಾರದ ಬರಿಯಾಕ ಬರಂಗಿಲ್ರಿ. ತಮ್ಮನ್ನ ಕರಸ್ರಿ."

ಆಳು ಹೋಗಿ ಕರೆದ, ತಮ್ಮ ಬಂದ. ಗೋಡೆಯನ್ನು ನೋಡಿದ.

"ಅಣ್ಣಾ, ಅವ ನನಗೂ ಮುತ್ತಜ್ಜ ಅಲ್ಲೇನೋ? ತನ್ನ ಮರಿಮಗನ್ನ ಕಡಿಯಾಕ ಹಚ್ಚೀಯಲ್ಲ ಅವನ್ನ!"

ಕಣ್ಣು ತೆರೆಸುವಾಗ ಬರೆಸಿದವನೇ ದೀಪ ಹಿಡಿಯಬೇಕು, ಅದೂ ಪದ್ಧತಿ. ಸಾಹುಕಾರ ತಮ್ಮನ ಮುಖದ ಬಳಿ ದೀಪ ಹಿಡಿದ. ಹಿಡಿದ ಮೇಲೆ ನೋಡಲೇಬೇಕಾಯಿತು. ತಮ್ಮನ ಎಡಗಣ್ಣಿಗೆ ಪೊರೆ ಬಂದಿತ್ತು.

"ಇದು ಯಾವಾಗ ಆತೋ?"

"ಭಾಳ ದಿನ ಆತು. ಯಾರಿಗೆ ಹೇಳ್ಲಿ?"

ಸಾಹುಕಾರ ದೀಪವನ್ನು ಇನ್ನೂ ಹತ್ತಿರ ತಂದ. ಗೋಡೆಯ ಮೇಲೆ ಕಣ್ಣು ತೆರೆಯಿತು. ಆ ಕಣ್ಣಿನ ಮೇಲೆ ಎತ್ತಿದ ಕತ್ತಿಯನ್ನು ಸಾಹುಕಾರನಿಗೆ ಈಗ ನೋಡಲಾಗಲಿಲ್ಲ.

"ಆ ಕತ್ತಿ ತಗಿ."

"ಕೈ ಎತ್ಯಾನ್ರಿ ಧಣಿ, ಏನರ ಹಿಡಿಬೇಕಲ್ರಿ?"

"ಬೀಸಣಿಕಿ ಕೊಡು!"

ಹೀಗೆ, ಕೇಳಿ, ಆ ಮನೆಯ ಗೋಡೆಯ ಮೇಲೆ ಒಬ್ಬ ಮಹಾಶೂರ ಕುದುರೆಯೇರಿ, ಮೀಸೆ ತಿರುವಿ, ವೈರಿಗೆ ಗಾಳಿ ಬೀಸುತ್ತ ನಿಂತಿದ್ದಾನೆ.

ನಗಿರಿ, ತಪ್ಪಿಲ್ಲ. ಆದರೆ ನಿಮ್ಮ ಮನಸ್ಸಿನಲ್ಲಿ ಯಾರನ್ನು ಕಣ್ಣಿಲ್ಲದೆ ನಿಲ್ಲಿಸಿದ್ದೀರಿ? ಅಣ್ಣನನ್ನೇ? ಸೊಸೆಯನ್ನೇ? ದಿನವೂ ಕಡಿಯುತ್ತೀರಿ, ಅವರಿಗೆ ನೋವಾಗುವುದು ಕಾಣುವುದಿಲ್ಲ. ಮಣ್ಣಿಗಿಟ್ಟ ಮೇಲೆ ಎಷ್ಟು ಅತ್ತರೂ ಅವರು ನಮ್ಮನ್ನು ನೋಡುವುದಿಲ್ಲ. ಇದನ್ನು ಬಲ್ಲವರು ಈ ಸಭೆಯಲ್ಲಿದ್ದಾರೆ. ಆದ್ದರಿಂದ ಇಂದು ಪೂಜೆಗೆ ಕೂರುವ ಮೊದಲು, ಮಾತು ಬಿಟ್ಟವರ ಮನೆಗೆ ಹೋಗಿ. ಮುಖ ನೋಡಿ, ಊಟವಾಯಿತೇ ಎಂದು ಕೇಳಿ. ಪೂಜೆ ತಡವಾದರೆ ದೇವರು ಕಾಯುತ್ತಾನೆ. ಅವರು ಎಷ್ಟು ದಿನ ಕಾಯುತ್ತಾರೋ ಯಾರಿಗೂ ತಿಳಿಯದು.