ಹಿಡಿಯದ ಲಂಗರು

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ಕತೆ ಅಲ್ಲ ಇದು. ನನ್ನ ಚಿಕ್ಕಪ್ಪನ ಮಗ ಸಿಲ್ವನ್‌ಗೆ ಆದದ್ದು. ನಮ್ಮ ಕರಿಯಾಕೂ ದ್ವೀಪದಲ್ಲೇ, ಲಂಬಿ ಕೊಲ್ಲಿಯಲ್ಲಿ.

ಸೆಪ್ಟೆಂಬರ್ ತಿಂಗಳು. ಬಿರುಗಾಳಿಯ ಭಯಕ್ಕೆ ಹಾಯಿದೋಣಿಗಳೆಲ್ಲ ದಕ್ಷಿಣಕ್ಕೆ ಹೋಗಿ ಕೊಲ್ಲಿ ಬರಿದಾಗಿತ್ತು. ಸತ್ತವರ ಮನೆಯ ಪ್ರಾರ್ಥನೆ ಮುಗಿಸಿ ಸಿಲ್ವನ್ ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಜೊತೆಗೆ ಪಕ್ಕದ ಮನೆ ಮೆರ್ಲ್. ಊರಿಗೆಲ್ಲ ಅವಳು ಟಾಂಟಿ, ಅಂದರೆ ದೊಡ್ಡಮ್ಮ.

"ನಿಧಾನ ನಡಿಯೋ. ನಾಲ್ಕು ಬೋಯಾ ಇಟ್ಕೊಂಡು ಇಡೀ ಕೊಲ್ಲಿ ನಿಮ್ಮಪ್ಪಂದು ಅನ್ನೋ ಹಾಗೆ ಹೋಗ್ತಿದೀಯ," ಅಂದಳು.

"ನೀನು ಆ ಮನೇಲಿ ಎರಡು ಲೋಟ ರಮ್ ಕಮ್ಮಿ ಕುಡಿದಿದ್ರೆ ಇಷ್ಟು ಹೊತ್ತಿಗೆ ಮನೇಲಿ ಇರ್ತಿದ್ವಿ ಟಾಂಟಿ."

ಬೋಯಾ ಅಂದದ್ದು ಅವನ ಹೊಟ್ಟೆಪಾಡಿನ ಮಾತು. ಸಮುದ್ರದ ತಳಕ್ಕೆ ಕಾಂಕ್ರೀಟ್ ದಿಮ್ಮಿ ಇಳಿಸಿ, ಹಗ್ಗ ಕಟ್ಟಿ, ಮೇಲೆ ಕಿತ್ತಳೆ ಬಣ್ಣದ ತೇಲುಗುಂಡು, ಅದೇ ಬೋಯಾ, ತೇಲಿಬಿಟ್ಟಿದ್ದ. ಬಂದ ದೋಣಿಯವರು ಬಾಡಿಗೆ ಕೊಟ್ಟು ಅದಕ್ಕೆ ಕಟ್ಟಿಕೊಳ್ಳಬಹುದು. ಬೇಡ ಅಂದರೆ ತಮ್ಮದೇ ಲಂಗರು ಹಾಕಬಹುದು.

ಬೂರುಗದ ಮರ ದಾಟಿದರು. ಬಾವಿ ಹತ್ತಿರ ಬಂದರು. ಅಲ್ಲಿಂದ ಕೊಲ್ಲಿ ಕಾಣುತ್ತೆ...

ಧುಳುಂ.

ಆಮೇಲೆ ಗರಗರಗರಗರ... ಕಬ್ಬಿಣದ ಸರಪಳಿ ನೀರಿಗೆ ಇಳಿಯುವ ಸದ್ದು. ಉದ್ದಕ್ಕೆ.

ಟಾಂಟಿ ಅವನ ತೋಳು ಹಿಡಿದಳು. "ಕೇಳಿಸ್ತಾ?"

"ಹೂಂ."

"ಯಾವ ದೋಣಿ?"

ಸಿಲ್ವನ್ ನೋಡಿದ. ತೆಳು ಬೆಳದಿಂಗಳು. ನೀರು ಖಾಲಿ. ದೀಪ ಇಲ್ಲ, ಪಟದ ಕಂಬ ಇಲ್ಲ... ಸದ್ದು ಮಾತ್ರ ಇತ್ತು. ಕಿರ್ರ್... ಟಕ್. ಕಿರ್ರ್... ಟಕ್. ಆ ಸದ್ದು ಏನು ಅಂತ ಅವನಿಗೆ ಗೊತ್ತು. ಲಂಗರು ಮರಳಿಗೆ ಕಚ್ಚದೆ, ಕೆಳಗಿನ ಚಪ್ಪಟೆ ಬಂಡೆ ಮೇಲೆ ಜಾರುವಾಗ ಹಾಗೇ ಕೇಳಿಸೋದು. ಆಮೇಲೆ ಟಿಕ್, ಟಿಕ್, ಟಿಕ್... ಯಾರೋ ರಾಟೆ ತಿರುಗಿಸಿ ಸರಪಳಿ ಮೇಲೆಳೆಯುತ್ತಿದ್ದರು. ನಿಂತಿತು. ಮತ್ತೆ ಧುಳುಂ.

ಆಗ ನೀರಿನ ಕಡೆಯಿಂದ ಒಂದು ಹೆಣ್ಣುದನಿ. ಸಮಾಧಾನದ ದನಿ.

"ಇಲ್ಲಿ ಹಿಡಿಯುತ್ತಾ, ತಮ್ಮಾ?"

"ಓಗೊಡಬೇಡ," ಟಾಂಟಿ ಉಸುರಿದಳು. "ಬಾಯಿ ಮುಚ್ಚಿ ನಡಿ."

ನಡೆದರು. ಮನೆಗೆ ಬಂದ ಸಿಲ್ವನ್ ಬಾಗಿಲು ಹಾಕಿ, ಅಗುಳಿ ಕೂತಿದೆಯಾ ಅಂತ ಮೂರು ಸಲ ನೋಡಿದ.

ಆ ದನಿ ಅವನನ್ನೇ ಯಾಕೆ ಕೇಳಿತು ಅಂತ ಟಾಂಟಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ವಯಸ್ಸಾದ ಗಂಡಹೆಂಡತಿಯ ಹಸಿರು ಹಾಯಿದೋಣಿಯೊಂದು ಸಂಜೆ ಹೊತ್ತಿಗೆ ಕೊಲ್ಲಿಗೆ ಬಂತು. ಸಿಲ್ವನ್ ಚಿಕ್ಕ ದೋಣಿ ತಗೊಂಡು ಹೋಗಿ ಬೋಯಾ ಬೇಕಾ ಅಂತ ಕೇಳಿದ. ಮುದುಕ ನಕ್ಕ. "ನಿನ್ನ ಕೊಳೆತ ಹಗ್ಗ ನಂಬಿ ನಾನು ಮಲಗೋದಾ?" ಅಂದ. ಆ ಮಾತು ಸಿಲ್ವನ್‌ಗೆ ಚುಚ್ಚಿತು. ಹೆಂಡತಿ ಮಾತ್ರ ಬಗ್ಗಿ, "ಇಲ್ಲಿ ಹಿಡಿಯುತ್ತಾ, ತಮ್ಮಾ?" ಅಂತ ಕೇಳಿದಳು. ಅವರು ನಿಂತಿದ್ದ ಕಡೆ ಮರಳು ಒಂದು ಗೇಣು, ಕೆಳಗೆಲ್ಲ ಬಂಡೆ. ಸಿಲ್ವನ್‌ಗೆ ಆ ತಳ ಅಂಗೈ ಇದ್ದ ಹಾಗೆ.

"ಚೆನ್ನಾಗಿ ಹಿಡಿಯುತ್ತೆ. ಹಾಕಿ," ಅಂದ.

ಆ ರಾತ್ರಿ ಉತ್ತರದಿಂದ ದೊಡ್ಡ ಅಲೆಗಳೆದ್ದವು. ಬೆಳಗ್ಗೆ ಹವಳದ ದಿಬ್ಬದ ಮೇಲೆ ಹಸಿರು ಹಲಗೆಗಳು ಸಿಕ್ಕವು. ಅವರಿಬ್ಬರು ಸಿಗಲೇ ಇಲ್ಲ.

ಈಗ, ಬಾವಿ ಹತ್ತಿರ ಕೇಳಿಸಿದ ಮಾರನೇ ರಾತ್ರಿ, ಅವನಿಗೆ ಮಲಗಿದಲ್ಲೇ ಆ ಸದ್ದು ಕೇಳಿಸಿತು. ಮೂರನೇ ರಾತ್ರಿಯೂ. ಧುಳುಂ... ಗರಗರಗರ... ಕಿರ್ರ್, ಟಕ್. ನಾಲ್ಕನೇ ರಾತ್ರಿ ಹೆಂಡತಿ ವರ್ಲಿನ್ ಎದ್ದು ಕೂತಳು.

"ನನಗೇನೂ ಕೇಳಿಸ್ತಿಲ್ಲ. ಆದ್ರೆ ನೀನು ಮೂರು ದಿನದಿಂದ ನಿದ್ದೇಲಿ 'ಹಿಡಿಯುತ್ತೆ, ಹಿಡಿಯುತ್ತೆ' ಅಂತಿದೀಯ. ಏನು ಹಿಡಿಯುತ್ತೆ?"

ಹೇಳಿದ. ಎಲ್ಲ ಹೇಳಿದ.

"ಹೋಗಿ ಹೇಳು," ಅಂದಳು.

"ಯಾರಿಗೆ?"

"ಕೇಳ್ತಿರೋರಿಗೆ."

ಅದೇ ರಾತ್ರಿ ಚಿಕ್ಕ ದೋಣಿ ಇಳಿಸಿದ. ಎಂಜಿನ್ ಹಾಕಲಿಲ್ಲ, ಹುಟ್ಟು ಹಾಕಿಕೊಂಡೇ ಹೋದ. ನೀರು ಎಣ್ಣೆಯ ಹಾಗೆ ಅಲುಗದೆ ಬಿದ್ದಿತ್ತು. ಹತ್ತಿರ ಹೋಗುತ್ತಿದ್ದ ಹಾಗೆ ಸದ್ದು ನಿಂತಿತು... ಇನ್ನೂ ನಾಲ್ಕು ಹುಟ್ಟು ಹಾಕಿದ.

ದಡ್.

ಅವನ ದೋಣಿ ಏನಕ್ಕೋ ತಗುಲಿತು. ಎದುರಿಗೆ ಏನೂ ಇಲ್ಲ, ದೂರದ ಗುಡ್ಡದ ತನಕ ನೀರೇ. ಕೈ ಚಾಚಿದ. ಬೆರಳಿಗೆ ಒದ್ದೆ ಬಣ್ಣ ಬಳಿದ ಹಲಗೆ ಸಿಕ್ಕಿತು. ತಣ್ಣಗೆ, ನುಣ್ಣಗೆ. ಅಲೆಯೇ ಇಲ್ಲದಿದ್ದರೂ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು.

ತಲೆಯ ಮೇಲಿಂದ ದನಿ ಬಂತು. "ಇಲ್ಲಿ ಹಿಡಿಯುತ್ತಾ, ತಮ್ಮಾ?"

"ಇಲ್ಲಮ್ಮಾ," ಅಂದ. "ಇಲ್ಲಿ ಹಿಡಿಯಲ್ಲ. ಕೆಳಗೆ ಬಂಡೆ ಇದೆ. ನನಗೆ... ಅವತ್ತೇ ಗೊತ್ತಿತ್ತು."

ಹಲಗೆ ಮೇಲಿನ ಕೈ ಮರಗಟ್ಟಿತ್ತು, ತೆಗೆಯೋಕೆ ಧೈರ್ಯ ಬರಲಿಲ್ಲ.

ಆಮೇಲೆ, ಇನ್ನೂ ಮೆಲ್ಲಗೆ, "ಮತ್ತೆಲ್ಲಿ?"

ಕೊಲ್ಲಿಯ ನಡುವೆ ಒಂದು ಕಡೆ ಮಾತ್ರ ಎರಡಾಳು ಆಳ ಗಟ್ಟಿ ಮರಳಿದೆ. ಸಿಲ್ವನ್‌ನ ಮೊದಲ ಬೋಯಾ ಇದ್ದದ್ದು ಅಲ್ಲೇ. ಅದರ ಬಾಡಿಗೆಯಲ್ಲೇ ಅರ್ಧ ಸಂಸಾರ ನಡೆಯುತ್ತಿತ್ತು.

"ನನ್ನ ಹಿಂದೆ ಬನ್ನಿ," ಅಂದ.

ಹುಟ್ಟು ಹಾಕಿದ. ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ಚಳ್... ಚಳ್... ಅಂತ ನೀರು ಸೀಳುವ ಸದ್ದು, ಒಂದೇ ಅಂತರದಲ್ಲಿ ಬರುತ್ತಿತ್ತು. ಬೋಯಾ ಹತ್ತಿರ ನಿಂತು, ಚಾಕು ತೆಗೆದು ಅದರ ಹಗ್ಗ ಕೊಯ್ದ. ಬೋಯಾನ ತನ್ನ ದೋಣಿಯೊಳಕ್ಕೆ ಎಳೆದುಕೊಂಡು ಪಕ್ಕಕ್ಕೆ ಸರಿದ.

"ಇಲ್ಲಿ ಹಾಕಿ. ಇಲ್ಲಿ ಹಿಡಿಯುತ್ತೆ. ದೇವರಾಣೆ."

ಧುಳುಂ. ಗರಗರಗರ... ಸರಪಳಿ ಬಿಗಿಯಿತು. ಕಾದ. ಕಿರ್ರ್ ಅನ್ನಲಿಲ್ಲ. ಟಕ್ ಅನ್ನಲಿಲ್ಲ. ಏನೂ ಇಲ್ಲ. ಅಲ್ಲೇ, ಮಡಿಲಲ್ಲಿ ಒದ್ದೆ ಬೋಯಾ ಇಟ್ಟುಕೊಂಡು ಬೆಳಗಿನ ತನಕ ಕೂತಿದ್ದ.

ಅವತ್ತಿನಿಂದ ಸದ್ದು ನಿಂತಿತು. ಹೊಸ ಹಗ್ಗ ಕಟ್ಟು ಅಂತ ಎಲ್ಲರೂ ಹೇಳಿದೆವು. ಅವನು ಕಟ್ಟಲಿಲ್ಲ.

ಇನ್ನು ಹೇಳೋದು ನಾನೇ ಕಣ್ಣಾರೆ ಕಂಡದ್ದು. ಆ ಜನವರಿಯಲ್ಲಿ ಅವನ ಜೊತೆ ದೋಣಿಯಲ್ಲಿದ್ದೆ. ಕೊಲ್ಲಿ ತುಂಬಿತ್ತು, ಮೂವತ್ತು ಹಾಯಿದೋಣಿ. ಒಂದಕ್ಕೊಂದು ತಾಗುವಷ್ಟು ಒತ್ತೊತ್ತಾಗಿ ನಿಂತಿದ್ದವು. ನಡುವೆ ಮಾತ್ರ ಆ ಜಾಗ, ಅಂಗಳದಷ್ಟು ಖಾಲಿ. ಆಗಷ್ಟೇ ಬಂದ ಒಬ್ಬ ಫ್ರೆಂಚ್‌ನವನು ಬಂಡೆಗಳ ಪಕ್ಕ ಲಂಗರು ಬಿಡೋಕೆ ಹೊರಟಿದ್ದ. ಇದೆಲ್ಲ ನನಗಿನ್ನೂ ಗೊತ್ತಿರಲಿಲ್ಲ, ನಾನೇ ಕೂಗಿ ಹೇಳಿದೆ, "ಅಲ್ಲಿ ಬೇಡ ಸಾಹೇಬ್ರೇ, ನಡುವೆ ಅಷ್ಟು ಜಾಗ ಇದೆಯಲ್ಲ, ಅಲ್ಲಿ ಹಾಕಿ."

ಅವನು ಅತ್ತ ನೋಡಿದ. ನನ್ನನ್ನು ನೋಡಿದ. ದನಿ ತಗ್ಗಿಸಿದ.

"ಛೆ, ಅಷ್ಟು ಹತ್ತಿರ ಹೇಗೆ ಹಾಕೋದು," ಅಂದ. "ಅವರಿಬ್ಬರೂ ಊಟಕ್ಕೆ ಕೂತಿದ್ದಾರೆ."