ನಮ್ಮ ವಂಶದಲ್ಲಿ ಯಾರಿಗೂ ಇಲ್ಲ

ಇಲ್ಲ ಅಂದ್ರೆ ಇಲ್ಲ ಕಣೇ ಗೆಲ್ಮಿ! ಎಷ್ಟು ಸಲ ಹೇಳಲಿ? ಕಾನುಲ್ ವಂಶದಲ್ಲಿ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ. ನಾಳೆ ಹೋಗಿ ಹಾಗೇ ಹೇಳು ಆ ಡಾಕ್ಟರಮ್ಮನಿಗೆ, ನಮ್ಮಮ್ಮ ನೆಲ್ಮಿ ಹೇಳಿದ್ಳು ಅಂತ. ಮೆರಿದಾ ಪಟ್ಟಣದಿಂದ ಮೊನ್ನೆ ಬಸ್ಸಿಳಿದು ಬಂದ ಹುಡುಗಿ! ಐದು ತಿಂಗಳ ಬಸುರೀನ ಕೂರಿಸಿ ಲೋಟದ ತುಂಬ ಸಿಹಿನೀರು ಕುಡಿಸೋದು, ಆಮೇಲೆ ರಕ್ತ ತೆಗೆದು, ಅಯ್ಯೋ ರಕ್ತದಲ್ಲಿ ಸಕ್ಕರೆ ಇದೆ ಅನ್ನೋದು... ಇನ್ನೇನಿರುತ್ತೆ, ಉಪ್ಪಾ?

ನಗು, ನಗು. ನಾನಿಲ್ಲಿ ಬಿಸಿಲಲ್ಲಿ ಕೂತು ರೊಟ್ಟಿ ತಟ್ತಿರ್ತೀನಿ, ನೀನು ಆ ಜೋಲೀಲಿ ತೂಗಾಡ್ಕೊಂಡು ನಗ್ತಿರು. ಮೆಲ್ಲಗೆ ತೂಗು, ಹಗ್ಗ ಕಿರ್ ಅಂತಿದೆ.

ಏನು? ವಂಶ... ವಂಶವಾಹಿ? ಹಾಗಂದ್ರೆ? ...ಓಹೋ! ಅಪ್ಪ ಅಮ್ಮನಿಂದ ಮಕ್ಕಳಿಗೆ ಸಾಗಿ ಬರೋದು! ನಮ್ಮ ವಂಶದಲ್ಲಿ ಒಂದು ಸೈಕಲ್ ಗಾಡೀನೂ ಇರ್ಲಿಲ್ವಲ್ಲೇ, ಇದ್ಯಾವ ವಾಹನ ಹತ್ತಿ ಬಂತಂತೆ? ನನ್ನಿಂದ ನಿನಗೆ ಬಂದದ್ದು ಗಿಣಿಮೂಗು. ನಿಮ್ಮಪ್ಪನಿಂದ ಬಂದದ್ದು ಮೊಂಡುತನ. ಅಷ್ಟೇ. ಬೇರೆ ಏನಾದ್ರೂ ಇದ್ರೆ ನಿನ್ನ ಗಂಡನ ಕಡೆ ವಿಚಾರಿಸು. ನಿಮ್ಮತ್ತೆ ದಿನಕ್ಕೆಷ್ಟು ಕೋಲಾ ಕುಡೀತಾಳೆ ಅಂತ ಊರಿಗೆಲ್ಲ ಗೊತ್ತು!

...ಹೌದಾ? ನಿನ್ನ ಸಕ್ಕರೆಗೆ ಅತ್ತೆ ಮನೆ ರಕ್ತ ಲೆಕ್ಕಕ್ಕೇ ಇಲ್ವಂತಾ? ಮಗು ಗಂಡಾದ್ರೆ ಅವರ ವಂಶ, ಕಾಯಿಲೆ ಬಂದ್ರೆ ನಮ್ಮ ವಂಶ! ಚೆನ್ನಾಗಿದೆ ಕಣೇ ನಿಮ್ಮ ಡಾಕ್ಟರಮ್ಮನ ನ್ಯಾಯ.

ಅಜ್ಜೀನಾ? ಕಾಂದೆಲಾರಿಯಾ ಅಜ್ಜಿಗೆ ಸಕ್ಕರೆ ಎಲ್ಲಿತ್ತು? ಅವಳಿಗಿದ್ದದ್ದು ಹೆದರಿಕೆ. ಬಾವಿಕಟ್ಟೆ ಮೇಲೆ ಹಾವು ಕಂಡು ಬೆಚ್ಚಿಬಿದ್ದಳು, ಆವತ್ತಿಂದ ಅವಳ ರಕ್ತ ಕೆಟ್ಟಿತು. ...ಕಾಲಾ? ಕಾಲು ಮೊಳೆ ಚುಚ್ಚಿ ಹೋಯ್ತು. ಸಣ್ಣ ಮೊಳೆ. ಹೌದಮ್ಮಾ, ಸಣ್ಣ ಮೊಳೆಗೇ ಮೊಣಕಾಲಿನ ತನಕ ತೆಗೆದ್ರು! ಅದಕ್ಕೇನೀಗ? ತುಕ್ಕು ಹಿಡಿದಿತ್ತು ಮೊಳೆ!

ಎಲಿಹಿಯೊ ಮಾವನದು ಬೇರೆ ಕಥೆ. ಆ ದೊಡ್ಡ ಬಿರುಗಾಳಿ ಬಂದಾಗ ಅವನ ಮನೆ ಮಾಡು ಹಾರಿಹೋಯ್ತು. ಮಲಗಿದ್ದವನು ಕಣ್ಣು ಬಿಟ್ಟರೆ ಮೇಲೆ ಬರೀ ಆಕಾಶ! ಆ ದಿಗಿಲಿಗೆ ನಾಲಿಗೆ ಒಣಗಿದ್ದು ಮತ್ತೆ ಹಸಿ ಆಗ್ಲೇ ಇಲ್ಲ ನೋಡು. ಬಿಂದಿಗೆಗಟ್ಟಲೆ ನೀರು ಕುಡೀತಿದ್ದ. ಕುಡಿದವನು ಹಿತ್ತಲಿಗೆ ಹೋಗಲೇಬೇಕಲ್ಲ... ಇರುವೆ? ಯಾರೇ ಹೇಳಿದ್ದು ನಿನಗೆ? ಹೂಂ, ಅವನು ಉಚ್ಚೆ ಹೊಯ್ದ ಕಡೆ ಇರುವೆ ಮುತ್ತುತ್ತಿದ್ವು, ನಿಜ. ಒಳ್ಳೇ ಮನುಷ್ಯ ಕಣೇ ಅವನು. ಇರುವೆಗೂ ಗೊತ್ತಾಗುತ್ತೆ.

ಯಾಕೆ ಹಾಗೆ ಬಿದ್ದು ಬಿದ್ದು ನಗ್ತೀಯಾ? ಹೊಟ್ಟೇಲಿ ಮಗು ಇದೆ, ನೆನಪಿರಲಿ... ಬೆನಿತಾ ಚಿಕ್ಕಮ್ಮನ ಮಕ್ಕಳು ದಪ್ಪ ಹುಟ್ಟಿದ್ರೆ ಅದೂ ಕಾಯಿಲೆನಾ? ಹುಟ್ಟಿದ ದಿನವೇ ಒಂದು ವರ್ಷದ ಅಂಗಿ ಹಾಕಬೇಕಿತ್ತು. ಜನ ಸಾಲುಗಟ್ಟಿ ಬಂದು ನೋಡಿ ಹೋದ್ರು. ಅದು ಭಾಗ್ಯ ಕಣೇ, ಭಾಗ್ಯ!

...ಏನಂದೆ?

ಅವನ ಹೆಸರು ಈಗ ಯಾಕೆ ತೆಗೀತೀಯಾ.

ಹೂಂ. ನಿನ್ನಣ್ಣನೂ ದಪ್ಪನೇ. ನಿನಗಿಂತ ಎರಡು ವರ್ಷ ಮುಂಚೆ. ಸೂಲಗಿತ್ತಿ ಎರಡೂ ಕೈಲಿ ಎತ್ತಿ ಹಿಡಿದು, ನೆಲ್ಮಿ, ಡೊಳ್ಳುಹೊಟ್ಟೆ ಪಾದ್ರೀನೇ ಹೆತ್ತಿದ್ದೀಯಲ್ಲೇ ಅಂದಳು. ಮುಂಗೈಯಲ್ಲಿ ಮಡಿಕೆ ಮಡಿಕೆ. ಅಷ್ಟು ಚೆಂದದ ಮಗು ಈ ಬೀದೀಲೇ ಹುಟ್ಟಿರಲಿಲ್ಲ. ಒಂದು ಸಲ ಅತ್ತಿದ್ರೆ... ಅಳಲಿಲ್ಲ. ಬೆನ್ನು ತಟ್ಟಿದ್ಳು, ಕಾಲು ಹಿಡಿದು ತಲೆಕೆಳಗೆ ಮಾಡಿದ್ಳು, ಬಾಯಿಗೆ ಬಾಯಿಟ್ಟು ಊದಿದ್ಳು. ಕೊನೇ ವಾರ ಒದೆಯೋದು ನಿಲ್ಲಿಸಿದ್ದ. ದೊಡ್ಡವನಾದ, ಒಳಗೆ ಜಾಗ ಇಲ್ಲ, ಸುಮ್ಮನೆ ನಿದ್ದೆ ಮಾಡ್ತಿದ್ದಾನೆ ಅಂದ್ಕೊಂಡಿದ್ದೆ ನಾನು. ವಿಲ್ಬರ್ತ್ ಅಂತ ಹೆಸರಿಟ್ಟೇ ಮಣ್ಣು ಮಾಡಿದ್ವಿ. ಯಾರದೋ ದೃಷ್ಟಿ ತಾಕಿತು ಅಂದ್ರು.

ಆಸ್ಪತ್ರೆಯವರಾ? ಆಮೇಲೆ ಹೋಗಿ ಕೇಳಿದಾಗ ಅವರೂ ಏನೋ ಅಂದ್ರು. ...ನೆನಪಿಲ್ಲ. ನೆನಪಿಲ್ಲ ಅಂದ್ನಲ್ಲ!

ನೀನು ಹೊಟ್ಟೇಲಿದ್ದಾಗ ಹೋದೆ, ಹೌದು. ಒದೆಯೋದು ನಿಲ್ಲಿಸಿಬಿಟ್ಟೀಯಾ ಅಂತ ಹೆದರಿ ಹೋದೆ. ಕೋಲಾ ಬಿಡು ಅಂದ್ರು, ಬಿಟ್ಟೆ. ಸಿಹಿ ಬ್ರೆಡ್ಡು ಮುಟ್ಬೇಡ ಅಂದ್ರು, ಮುಟ್ಟಲಿಲ್ಲ. ದಿನಾ ಹೊಟ್ಟೆಗೆ ಸೂಜಿ ಚುಚ್ಚಿಸ್ಕೋ ಅಂದ್ರು, ಚುಚ್ಚಿಸ್ಕೊಂಡೆ. ...ಶಕ್ತಿಗೆ ಕಣೇ! ಶಕ್ತಿಗೆ ಅಂತ ಕೊಡ್ತಾರೆ, ಬಸುರಿಯರಿಗೆ... ನೀನು ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ಕೊಂಡು ಹುಟ್ಟಿದೆ. ನನಗಷ್ಟೇ ಬೇಕಿತ್ತು. ಆಮೇಲೆ ಯಾಕೆ ಅಲ್ಲಿಗೆ ಹೋಗಲಿ? ಮಗು ಆಚೆ ಬಂತು, ಅದೂ ಹೋಗಿರುತ್ತೆ ಅಂತ...

ಅದು ಅಂದ್ರೆ ಯಾವುದು ಅಂತೀಯಾ? ಯಾವುದೂ ಇಲ್ಲ. ಹೆದರಿಕೆ. ನಮ್ಮ ಮನೇಲಿ ಎಲ್ಲರಿಗೂ ಇರೋ ಹೆದರಿಕೆ.

...

ಯಾಕೆ ಸುಮ್ಮನಾದೆ? ಏನಾದ್ರೂ ಅನ್ನು. ತಲೆ ಆಡಿಸ್ತಿದ್ದೀಯೋ ಏನೋ, ಬಾಯಿಬಿಟ್ಟು ಹೇಳು. ...ಕೋಪನಾ? ಕೋಪ ಬಂದ್ರೆ ಬೈಯಿ, ಹಾಗೆ ಜೋಲೀಲಿ ಮುಖ ಊದಿಸ್ಕೊಂಡು ಕೂರ್ಬೇಡ... ಗೆಲ್ಮಿ? ಒಳಗೆ ಹೋದ್ಯಾ? ಗೆಲ್ಮೀ!

ಅಯ್ಯೋ ತಾಯಿ! ಯಾರದು ನನ್ನ ಕೈ ಹಿಡಿದದ್ದು? ...ನೀನಾ? ಎಷ್ಟೊತ್ತಿಂದ ಇಲ್ಲೇ ನನ್ನ ಮುಂದೆ ಕೂತಿದ್ದೀಯಾ? ಕದ್ದು ಬಂದು ಹೀಗೆ ಹೆದರಿಸ್ತಾರಾ ಯಾರಾದ್ರೂ! ...ನಿನ್ನ ಕೆನ್ನೆ ಯಾಕೆ ಒದ್ದೆ ಆಗಿದೆ?

ಹೊತ್ತು ಮುಳುಗ್ತಾ ಬಂತಲ್ಲ ಕಣೇ, ಅದಕ್ಕೇ ಸರಿಯಾಗಿ ಕಾಣ್ಲಿಲ್ಲ...

...

ಗೊತ್ತು. ಮಧ್ಯಾಹ್ನ ಅಂತ ನನಗೂ ಗೊತ್ತು. ಬಿಸಿಲು ಬೆನ್ನು ಸುಡ್ತಾ ಇದೆ.

ಯಾವಾಗಿಂದ ಅಂತ ಕೇಳ್ಬೇಡ. ಎಡಗಣ್ಣು ಮೊದಲು. ಬಲಗಣ್ಣಲ್ಲಿ ಇನ್ನೂ ಸ್ವಲ್ಪ... ಬೆಳಕು ಇದೆಯೋ ಇಲ್ವೋ ಅಷ್ಟು ತಿಳಿಯುತ್ತೆ. ಅಡುಗೆಮನೆ, ಹಿತ್ತಲು, ಎಲ್ಲ ಕೈಗೇ ಗೊತ್ತು. ಯಾರಿಗೇನು ತೊಂದರೆ ಆಯ್ತು, ಹೇಳು? ನಿನಗೆ ಹೇಳಿದ್ರೆ ನೀನು ಹೆದರ್ತಿದ್ದೆ...

ಮಾತಾಡಬೇಡ ಹೋಗಲಿ. ಕೈ ಬಿಡ್ಬೇಡ.

ನಾಳೆ ಎಷ್ಟೊತ್ತಿಗೆ ಬಾ ಅಂದಿದ್ದಾಳೆ ಆ ಹುಡುಗಿ? ನಾನೂ ಬರ್ತೀನಿ. ಅವಳು ಅದೇ ಪ್ರಶ್ನೆ ಇನ್ನೊಂದು ಸಲ ಕೇಳಲಿ, ನಾನೇ ಹೇಳ್ತೀನಿ, ಅಜ್ಜಿಯಿಂದ ಹಿಡಿದು ಒಬ್ಬೊಬ್ಬರದೂ. ನಿನಗೂ ಸೂಜಿ ಬರೆದುಕೊಟ್ರೆ ಸುಮ್ಮನೆ ಹಾಕಿಸ್ಕೋ. ಅಷ್ಟೇನೂ ನೋಯಲ್ಲ... ಆದ್ರೆ ಹೊರಗೆ ಹೋಗಿ ಬಹಳ ದಿನ ಆಯ್ತು ಗೆಲ್ಮಿ. ಬೀದಿ ದಾಟೋವಾಗ ಸ್ವಲ್ಪ ನಿಧಾನಕ್ಕೆ ನಡಿ.